ಕೊನೆಯ ಹಾಸಿಗೆಯ ಬಳಿ ಒಬ್ಬರೇ ಇರಬಾರದು

ಜಿನಾಗಮವು ತಪಸ್ಸನ್ನು ಬಾಹ್ಯ, ಆಭ್ಯಂತರ ಎಂದು ಎರಡಾಗಿ ವಿಂಗಡಿಸಿ ಒಂದೊಂದರಲ್ಲೂ ಆರು ಬಗೆಗಳನ್ನು ಹೇಳುತ್ತದೆ. ಉಪವಾಸ, ಊನೋದರ, ರಸಪರಿತ್ಯಾಗ ಮೊದಲಾದವು ಬಾಹ್ಯ ತಪಸ್ಸುಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಆಭ್ಯಂತರ ತಪಸ್ಸುಗಳು. ಈ ಎರಡನೆಯ ಪಟ್ಟಿಯನ್ನು ಓದುವಾಗ ಒಂದು ಪ್ರಶ್ನೆ ಏಳುವುದು ಸಹಜ. ವೈಯಾವೃತ್ಯವೆಂದರೆ ಸೇವೆ. ಕೈಕಾಲು ಒತ್ತುವುದು, ಔಷಧ ಕೊಡುವುದು, ಮಲಮೂತ್ರಗಳನ್ನು ಶುಚಿ ಮಾಡುವುದು, ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳೇ. ಹಾಗಿದ್ದೂ ಆಚಾರ್ಯ ಉಮಾಸ್ವಾಮಿಗಳು ಅದನ್ನು ಸ್ವಾಧ್ಯಾಯ, ಧ್ಯಾನಗಳ ಪಂಕ್ತಿಯಲ್ಲಿ ಕೂರಿಸಿದ್ದು ಏಕೆ?

ಕೈ ಮಾಡುವ ಕೆಲಸ ಹೊರಗಿನದು. ಅದನ್ನು ಮಾಡುವಾಗ ಮನಸ್ಸಿನಲ್ಲೇಳುವ ಜುಗುಪ್ಸೆ, ಬೇಸರ, ಅಹಂಕಾರಗಳನ್ನು ಗೆಲ್ಲುವುದು ಒಳಗಿನದು. ಈ ಗೆಲುವು ತಾನಾಗಿ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಆದ್ದರಿಂದಲೇ ಅದು ತಪಸ್ಸು. ತತ್ತ್ವಾರ್ಥಸೂತ್ರವು ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ಹೆಸರಿಸುವಾಗ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಜೊತೆಯಲ್ಲೇ ‘ಗ್ಲಾನ’ನನ್ನೂ, ಅಂದರೆ ರೋಗದಿಂದ ಬಳಲಿದವನನ್ನೂ ಸೇರಿಸಿದೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿಯೂ ವೈಯಾವೃತ್ಯಕ್ಕೆ ಸ್ಥಾನವಿದೆ.

ಈ ವಿಚಾರವನ್ನು ಇಂದು ಎತ್ತಿಕೊಳ್ಳಲು ನಮ್ಮ ನಗರವೇ ಕಾರಣ. ಹಲಸೂರು, ಇಂದಿರಾನಗರ, ದಂಡು ಪ್ರದೇಶದ ಹಳೆಯ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಕೈಚೀಲ ಹಿಡಿದು ಬಸ್ಸಿನಿಂದ ಇಳಿಯುವ ಹೆಣ್ಣುಮಕ್ಕಳನ್ನು ನೀವೂ ನೋಡಿರಬಹುದು. ಕೆ.ಆರ್. ಪುರದ ಕಡೆಯಿಂದಲೋ ಅದಕ್ಕೂ ಆಚೆಯ ಊರುಗಳಿಂದಲೋ ಬರುವ ಇವರು ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಪಾಳಿಯವರು. ಮಕ್ಕಳು ದೂರದ ದೇಶಗಳಲ್ಲಿದ್ದಾರೆ, ಇಲ್ಲವೇ ಇಡೀ ದಿನ ಕಚೇರಿಯಲ್ಲಿದ್ದಾರೆ. ತಂದೆಯ ಕೊನೆಯ ತಿಂಗಳುಗಳನ್ನು ಕಾಯುವ ಕೆಲಸ ಇಪ್ಪತ್ತರ ಹರೆಯದ ಒಬ್ಬ ಅಪರಿಚಿತೆಯ ಕೈಗೆ ಬಂದಿದೆ. ಎಷ್ಟೋ ಸಲ ಆಕೆಗೆ ಯಾರೂ ಏನನ್ನೂ ಕಲಿಸಿರುವುದಿಲ್ಲ. ಹಗಲೂ ರಾತ್ರಿ ಆಕೆ ಒಬ್ಬಳೇ ಇರುತ್ತಾಳೆ. ಮರಣವನ್ನು ಹತ್ತಿರದಿಂದ ಎಂದೂ ನೋಡದವಳು ಅದನ್ನು ಒಂಟಿಯಾಗಿ ಎದುರಿಸಬೇಕಾಗುತ್ತದೆ.

ಕೊನೆಗಾಲದ ಆರೈಕೆಗೆ ಕಲಿಕೆ ಬೇಕೆಂಬುದನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಅರಿತಿದ್ದರು. ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ, ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳುಳ್ಳ ‘ಭಗವತೀ ಆರಾಧನಾ’ ಗ್ರಂಥವು ಸಮಾಧಿಮರಣದ ವಿಧಿಯನ್ನು ಸಮಗ್ರವಾಗಿ ವಿವರಿಸುತ್ತದೆ. ಅಲ್ಲಿ ಸಲ್ಲೇಖನಾ ವ್ರತ ಹಿಡಿದ ಸಾಧಕನಿಗೆ ‘ಕ್ಷಪಕ’ ಎಂದು ಹೆಸರು. ಆತನನ್ನು ಕೊನೆಯವರೆಗೆ ಕಾಯುವವರು ‘ನಿರ್ಯಾಪಕರು’. ನಿರ್ಯಾಪಕನಿಗಿರಬೇಕಾದ ಗುಣಗಳ ಪಟ್ಟಿಯನ್ನೇ ಗ್ರಂಥವು ಕೊಡುತ್ತದೆ. ಆತ ಧರ್ಮದಲ್ಲಿ ಪ್ರೀತಿಯೂ ದೃಢತೆಯೂ ಉಳ್ಳವನು, ಪಾಪಭೀರು, ಧೀರ, ನಂಬಿಕೆಗೆ ಅರ್ಹ. ಮಾತಿಲ್ಲದಿದ್ದರೂ ಕ್ಷಪಕನ ಇಂಗಿತವನ್ನು ತಿಳಿಯಬಲ್ಲವನು. ಯಾವ ಆಹಾರ ಪಾನ ಯೋಗ್ಯ, ಯಾವುದು ಅಯೋಗ್ಯ ಎಂಬುದನ್ನು ಅರಿತವನು. ಇಂದಿನ ಯಾವ ತರಬೇತಿ ಶಾಲೆಯೂ ತನ್ನ ಗೋಡೆಯ ಮೇಲೆ ಬರೆದುಕೊಳ್ಳಬಹುದಾದ ಗುಣಗಳಿವು.

ಇಂಥ ನಿರ್ಯಾಪಕರು ಎಷ್ಟು ಮಂದಿ ಇರಬೇಕು? ನಲವತ್ತೆಂಟು! ನಾಲ್ಕು ನಾಲ್ಕು ಮಂದಿಯ ಹನ್ನೆರಡು ಗುಂಪುಗಳಾಗಿ ಅವರಿಗೆ ಕೆಲಸ ಹಂಚಲಾಗಿದೆ. ನಾಲ್ವರು ಕ್ಷಪಕನ ಮೈಯನ್ನು ಮೃದುವಾಗಿ ಮುಟ್ಟಿ ನೇವರಿಸಿ, ಎಬ್ಬಿಸಿ, ಕೂರಿಸಿ, ಮಗ್ಗುಲು ಬದಲಾಯಿಸುವವರು. ನಾಲ್ವರು ಧರ್ಮಕಥೆ ಹೇಳುವವರು. ನಾಲ್ವರು ಯೋಗ್ಯ ಆಹಾರ ತರುವವರು, ನಾಲ್ವರು ಪಾನಕ ತರುವವರು, ನಾಲ್ವರು ಅವನ್ನು ಕಾಪಾಡುವವರು. ನಾಲ್ವರು ಮಲಮೂತ್ರಗಳನ್ನು ತೆಗೆದು, ಹಾಸಿಗೆಯನ್ನು ಪರಿಶೋಧಿಸಿ ಶುಚಿ ಮಾಡುವವರು. ನಾಲ್ವರು ಕ್ಷಪಕನ ಬಾಗಿಲು ಕಾಯುವವರು, ನಾಲ್ವರು ಧರ್ಮಸಭೆಯ ಬಾಗಿಲು ಕಾಯುವವರು. ನಾಲ್ವರು ನಿದ್ರೆಯನ್ನು ಗೆದ್ದು ರಾತ್ರಿ ಎಚ್ಚರವಿರುವವರು. ನಾಲ್ವರು ಆ ಪ್ರದೇಶದ ಕ್ಷೇಮ ಸಮಾಚಾರವನ್ನು ಗಮನಿಸುವವರು. ನಾಲ್ವರು ನೋಡಲು ಬಂದವರನ್ನು ಹೊರಗೇ ಕೂರಿಸಿ ಕ್ಷಪಕನಿಗೆ ತೊಂದರೆಯಾಗದಂತೆ ಕಥೆ ಹೇಳುವವರು. ಉಳಿದ ನಾಲ್ವರು ಧರ್ಮಕ್ಕೆ ಎದುರಾಡಿ ಬರುವವರಿಗೆ ಉತ್ತರ ಕೊಡಬಲ್ಲ ವಾದಿಗಳು.

ಶಿಕ್ಷಕ ವೃತ್ತಿಯಲ್ಲಿ ಪಾಠಯೋಜನೆಗಳನ್ನು ಬರೆದೂ ತಿದ್ದಿಯೂ ಬಾಳು ಕಳೆದ ನನಗೆ ಈ ಭಾಗವನ್ನು ಓದಿದಾಗಲೆಲ್ಲ ಅಚ್ಚರಿಯಾಗುತ್ತದೆ. ಮಗ್ಗುಲು ಬದಲಾಯಿಸುವುದಕ್ಕೆ ಒಂದು ಗುಂಪು, ರಾತ್ರಿ ಎಚ್ಚರಕ್ಕೆ ಇನ್ನೊಂದು, ಬಂದುಹೋಗುವ ನೆಂಟರನ್ನು ನಿಭಾಯಿಸಲು ಮತ್ತೊಂದು! ರೋಗಿಯ ಮನೆಯಲ್ಲಿ ಒಂದು ವಾರ ಕಳೆದವರಿಗೆ ಈ ಹಂಚಿಕೆಯ ಬೆಲೆ ಗೊತ್ತು.

ಇದಕ್ಕಿಂತ ಮುಖ್ಯವಾದ ಮಾತು ಮುಂದಿನದು. ಕಾಲದೋಷದಿಂದ ಅಷ್ಟು ಮಂದಿ ದೊರೆಯದಿದ್ದರೆ ನಲವತ್ತನಾಲ್ಕು, ನಲವತ್ತು ಎಂದು ಇಳಿಸುತ್ತ ಬರಬಹುದು, ನಾಲ್ವರಿಗೂ ಇಳಿಯಬಹುದು, ತೀರ ಸಂಕಟದ ಕಾಲದಲ್ಲಿ ಇಬ್ಬರಾದರೂ ಸಾಕು. ಆದರೆ ಒಬ್ಬನೇ ನಿರ್ಯಾಪಕನಿಗೆ ಗ್ರಂಥದಲ್ಲಿ ಸಮ್ಮತಿಯಿಲ್ಲ. ಕಾರಣವನ್ನೂ ಶಿವಾರ್ಯರು ಹೇಳಿದ್ದಾರೆ. ಒಬ್ಬನೇ ಇದ್ದರೆ, ಅವನು ಆಹಾರಕ್ಕೆ ಹೋದಾಗ ಕ್ಷಪಕನನ್ನು ತೊರೆದಂತಾಗುತ್ತದೆ. ಹೋಗದೆ ಉಳಿದರೆ ತನ್ನನ್ನೇ ತೊರೆದಂತಾಗುತ್ತದೆ. ಎರಡರಿಂದಲೂ ಧರ್ಮಕ್ಕೆ ಹಾನಿ. ಆರೈಕೆ ಪಡೆಯುವವನ ಜೊತೆಗೆ ಆರೈಕೆ ಮಾಡುವವನ ಹಸಿವು, ನಿದ್ದೆಗಳನ್ನೂ ಲೆಕ್ಕಕ್ಕೆ ಹಿಡಿದ ಕರುಣೆ ಇದು. ತಿಂಗಳುಗಟ್ಟಲೆ ಒಬ್ಬಳೇ ಹಗಲಿರುಳು ದುಡಿಯುವ ಹುಡುಗಿಯನ್ನು ಈ ಮಾತಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ನಾವೆಷ್ಟು ದೂರ ಬಂದಿದ್ದೇವೆಂಬುದು ತಿಳಿಯುತ್ತದೆ.

ಗುಂಪಾಗಿ ಕಾಯುವ ಈ ಕ್ರಮವನ್ನು ಆಧುನಿಕ ಜಗತ್ತು ತನ್ನದೇ ದಾರಿಯಲ್ಲಿ ಕಂಡುಕೊಂಡಿತು. ಮೊದಲು ದಾದಿಯಾಗಿ, ಬಳಿಕ ಸಮಾಜಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದರು. ಸಾಯುತ್ತಿರುವವರ ನೋವು ದೇಹದ್ದಷ್ಟೇ ಆಗಿರುವುದಿಲ್ಲ, ಮನಸ್ಸಿನದು, ಸಂಬಂಧಗಳದು, ಆತ್ಮದ್ದು ಎಲ್ಲ ಸೇರಿರುತ್ತದೆ ಎಂಬುದು ಅವರ ತಿಳಿವು. ಒಬ್ಬ ವೈದ್ಯನಿಂದ ತೀರದ ನೋವಾದ್ದರಿಂದ ಅದಕ್ಕೆ ತಂಡವೇ ಬೇಕು. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಆವೇದನಾ ಸದನ ತೆರೆಯಿತು. ನಮ್ಮ ಪೂರ್ವ ಬೆಂಗಳೂರಿನಲ್ಲಿ, ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪಿಸಿದವು. ಮೊದಲು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಸೇವೆ ಶುರುವಾಯಿತು. 1999ರಲ್ಲಿ ಮಾರತ್ತಹಳ್ಳಿಯ ಬಳಿ, ವರ್ತೂರು ರಸ್ತೆಯಲ್ಲಿ ‘ಕರುಣಾಶ್ರಯ’ದ ಕಟ್ಟಡವೇ ತೆರೆಯಿತು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಆರೈಕೆ ದೊರೆಯುತ್ತದೆ. ತೋಟ, ನೀರಿನ ಕೊಳಗಳ ಸುತ್ತ ಹರಡಿರುವ ವಾರ್ಡುಗಳಲ್ಲಿ ವೈದ್ಯರು, ದಾದಿಯರು, ಆಪ್ತಸಲಹೆಗಾರರು, ಶುಶ್ರೂಷಾ ಸಹಾಯಕಿಯರು ಒಂದು ತಂಡವಾಗಿ ದುಡಿಯುತ್ತಾರೆ. ಈ ವಿದ್ಯೆಯನ್ನು ಇತರರಿಗೆ ಕಲಿಸುವ ಕೆಲಸವೂ ಅಲ್ಲಿ ನಡೆಯುತ್ತದೆ.

ಹಾಗಾದರೆ ಕಲಿಯಬೇಕಾದದ್ದು ಏನು? ತಾವೇ ಹೊರಳಲಾರದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಾಯಿಸಬೇಕು. ಇಲ್ಲದಿದ್ದರೆ ಹಾಸಿಗೆ ಹುಣ್ಣು ಆಗುತ್ತದೆ. ಒಣಗಿದ ಬಾಯಿಯನ್ನು ಒದ್ದೆ ಹತ್ತಿಯಿಂದ ಮತ್ತೆ ಮತ್ತೆ ತೇವಗೊಳಿಸಬೇಕು. ಭಗವತೀ ಆರಾಧನೆಯೂ ತೈಲ, ಕಷಾಯಗಳಿಂದ ಬಾಯಿ ಮುಕ್ಕಳಿಸುವುದನ್ನು ವಿಧಿಸಿ, ಅದರಿಂದ ನಾಲಿಗೆಗೂ ಕಿವಿಗೂ ಬಲ ಬರುತ್ತದೆ, ಬಾಯಿ ನಿರ್ಮಲವಾಗುತ್ತದೆ ಎನ್ನುತ್ತದೆ. ಉಸಿರಾಟಕ್ಕೆ ಕಷ್ಟವಾದಾಗ ತಲೆಯ ಭಾಗವನ್ನು ಎತ್ತರಿಸಿ ಮುಖಕ್ಕೆ ಗಾಳಿ ತಾಕುವಂತೆ ಮಾಡಬೇಕು. ಕೊನೆಯ ದಿನಗಳಲ್ಲಿ ದೇಹವೇ ಆಹಾರವನ್ನು ಬೇಡವೆನ್ನುತ್ತದೆ. ಆಗ ಪ್ರೀತಿಯ ಹೆಸರಿನಲ್ಲಿ ಬಾಯಿಗೆ ತುರುಕಿದರೆ ಅದು ಶ್ವಾಸನಾಳಕ್ಕಿಳಿದು ಹಿಂಸೆಯಾಗುತ್ತದೆ. ಕಣ್ಣು ಮುಚ್ಚಿದವರಿಗೂ ಕಿವಿ ಕೇಳುತ್ತಿರಬಹುದು. ಆದ್ದರಿಂದ ಆಸ್ತಿ ಹಂಚಿಕೆಯ ಮಾತು, ಆಸ್ಪತ್ರೆ ಬಿಲ್ಲಿನ ಗೊಣಗಾಟ, ದೂರದರ್ಶನದ ಗದ್ದಲ ಆ ಕೋಣೆಯಲ್ಲಿರಬಾರದು. ಕ್ಷಪಕನ ವಸತಿಯು ಗಾಯನಶಾಲೆ, ನೃತ್ಯಶಾಲೆಗಳ ಸದ್ದಿನಿಂದ ದೂರವಿರಬೇಕೆಂಬ ನಿಯಮವನ್ನು ಇಲ್ಲಿ ನೆನೆಯಬಹುದು.

ನೋವಿನ ವಿಷಯದಲ್ಲಿ ನಮ್ಮವರಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ನೋವನ್ನು ಸಹಿಸುವುದೇ ಧರ್ಮ, ಔಷಧ ಕೊಟ್ಟರೆ ಕರ್ಮನಿರ್ಜರೆ ತಪ್ಪುತ್ತದೆ ಎನ್ನುವವರಿದ್ದಾರೆ. ಶಿವಾರ್ಯರ ಕ್ರಮ ಬೇರೆ. ಕ್ಷಪಕನಿಗೆ ವೇದನೆ ಉಂಟಾದಾಗ ಮೊದಲು ಚಿಕಿತ್ಸೆ: ಬಸ್ತಿಕರ್ಮ, ಶಾಖ, ಲೇಪ, ಶೀತೋಪಚಾರ, ಅಭ್ಯಂಗ, ಮರ್ದನಗಳಿಂದ ನೋವನ್ನು ಶಮನಗೊಳಿಸಬೇಕು. ಅಷ್ಟಾದರೂ ತೀರದ ವೇದನೆಗೆ ಆಮೇಲೆ ಮಾತಿನ ಆಸರೆ. ಆ ಭಾಗಕ್ಕೆ ‘ಕವಚ’ವೆಂದೇ ಹೆಸರು. ಘೋರ ಉಪಸರ್ಗಗಳನ್ನು ಸಹಿಸಿದ ಮಹಾಪುರುಷರನ್ನು ನೆನಪಿಸಿ ಆಚಾರ್ಯನು ಕ್ಷಪಕನ ಮನಸ್ಸಿಗೆ ಕವಚ ತೊಡಿಸುತ್ತಾನೆ. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ನಮಗೆ ದೊರೆತಿರುವ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಿಗೆ ಮೂಲ ಇದೇ ಕವಚಾಧಿಕಾರ. ಉಪಲಬ್ಧ ಕನ್ನಡ ಗದ್ಯಕೃತಿಗಳಲ್ಲಿ ಅತ್ಯಂತ ಪ್ರಾಚೀನವೆನಿಸಿದ ಗ್ರಂಥದ ಬೇರು ಮರಣಶಯ್ಯೆಯ ಪಕ್ಕದಲ್ಲಿ ಹೇಳಿದ ಸಾಂತ್ವನದಲ್ಲಿದೆ ಎಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಮೊದಲು ಮದ್ದು, ಬಳಿಕ ಮಾತು. ಈ ಕ್ರಮ ತಪ್ಪಬಾರದು. ವೈದ್ಯರು ಅಳತೆಯರಿತು ಕೊಡುವ ಮಾರ್ಫಿನ್ ಔಷಧಿಗೆ ಹೆದರಿ ಹಿರಿಯರನ್ನು ನರಳಲು ಬಿಡುವುದು ಅಹಿಂಸೆಯಲ್ಲ. ಅದರಿಂದ ಮಲಬದ್ಧತೆಯಾಗುವುದುಂಟು, ಅದಕ್ಕೂ ಜೊತೆಯಲ್ಲೇ ಔಷಧ ಕೊಡುತ್ತಾರೆ. ಮಾತಿನಲ್ಲಿಯೂ ಎಚ್ಚರ ಬೇಕು. ಸುಕುಮಾರಸ್ವಾಮಿಯ ಕಥೆ ವ್ರತ ಹಿಡಿದ ಧೀರನಿಗೆ ಕವಚ. ಹೆದರಿ ಕಂಗಾಲಾದ ಸಾಮಾನ್ಯನಿಗೆ ಅದೇ ಕಥೆ ಭಯವಾದೀತು. ‘ಇದು ನಿಮ್ಮ ಪೂರ್ವಕರ್ಮ’ ಎಂದು ರೋಗಿಯ ಮುಖಕ್ಕೆ ಹೇಳುವವರು ಕರ್ಮಸಿದ್ಧಾಂತವನ್ನು ಅರಿತವರಲ್ಲ. ಆ ಸಿದ್ಧಾಂತವಿರುವುದು ನಮ್ಮನ್ನು ನಾವು ತಿದ್ದಿಕೊಳ್ಳಲು. ಬಿದ್ದವರನ್ನು ದೂಷಿಸಲು ಅದನ್ನು ಬಳಸಬಾರದು. ಕೇಳಿಸಿಕೊಳ್ಳುವುದು, ಕೈ ಹಿಡಿದು ಸುಮ್ಮನೆ ಕೂರುವುದು, ಕೇಳಿದರೆ ಣಮೋಕಾರ ಮಂತ್ರವನ್ನು ಮೆಲುದನಿಯಲ್ಲಿ ಹೇಳುವುದು ಸಾಕು.

ಸಲ್ಲೇಖನೆಯೂ ಹಾಸ್ಪಿಸ್ ಆರೈಕೆಯೂ ಒಂದೇ ಎಂದು ಯಾರೂ ಭಾವಿಸಬಾರದು. ಸಲ್ಲೇಖನೆಯು ಗುರುಸಾಕ್ಷಿಯಾಗಿ, ಸ್ವಇಚ್ಛೆಯಿಂದ ಹಿಡಿಯುವ ವ್ರತ. 2015ರ ಆಗಸ್ಟ್‌ನಲ್ಲಿ ಅದನ್ನು ಅಪರಾಧವೆಂದ ರಾಜಸ್ಥಾನ ಹೈಕೋರ್ಟಿನ ತೀರ್ಪಿಗೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿದ್ದು ಓದುಗರಿಗೆ ನೆನಪಿರಬಹುದು. ಹಾಸ್ಪಿಸ್ ಆರೈಕೆ ಎಲ್ಲ ಮತದವರಿಗೂ ಸಲ್ಲುವ ವೈದ್ಯಕೀಯ ಸೇವೆ. ಆದರೂ ಒಂದು ಕಡೆ ಎರಡೂ ಸಮೀಪ ಬರುತ್ತವೆ. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಮೊದಲಿನವು ಜೀವಿತಾಶಂಸೆ, ಮರಣಾಶಂಸೆ: ಇನ್ನಷ್ಟು ಬದುಕಬೇಕೆಂಬ ಹಂಬಲವೂ ದೋಷ, ಬೇಗ ಸಾಯಬೇಕೆಂಬ ಆತುರವೂ ದೋಷ. ಉಪಶಮನ ಆರೈಕೆಯ ತತ್ತ್ವವೂ ಮರಣವನ್ನು ತ್ವರೆಗೊಳಿಸಬಾರದು, ಬಲವಂತವಾಗಿ ಮುಂದೂಡಲೂಬಾರದು ಎಂಬುದೇ.

ಈ ಕೆಲಸಕ್ಕೆ ಇಳಿಯುವವರಿಗೆ ಮೊದಲ ಪಾಠ ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆ. ಸಮಂತಭದ್ರಾಚಾರ್ಯರು ಇದಕ್ಕೆ ಉದ್ದಾಯನ ರಾಜನನ್ನು ನಿದರ್ಶನವಾಗಿ ಹೆಸರಿಸಿದ್ದಾರೆ. ಅವನನ್ನು ಪರೀಕ್ಷಿಸಲು ದೇವನೊಬ್ಬ ಕುಷ್ಠದಿಂದ ಕೊಳೆತ ಮುನಿಯ ವೇಷದಲ್ಲಿ ಬಂದು, ಉಂಡ ಅನ್ನವನ್ನೆಲ್ಲ ವಾಂತಿ ಮಾಡಿದ. ದುರ್ಗಂಧಕ್ಕೆ ಪರಿಜನರು ಓಡಿಹೋದರು. ರಾಜನು ಮೂಗು ಮುಚ್ಚಲಿಲ್ಲ; ತಾನು ನೀಡಿದ ಆಹಾರವೇ ಅಪಥ್ಯವಾಯಿತೇನೋ ಎಂದು ಮರುಗಿ ಸ್ವತಃ ತೊಳೆದ. ಆಗಲೂ ಅವನ ಪಕ್ಕದಲ್ಲಿ ರಾಣಿ ಪ್ರಭಾವತಿ ಇದ್ದಳು. ಕಥೆಯಲ್ಲಿಯೂ ಇಬ್ಬರು!

ಗೃಹಸ್ಥರಾದ ನಾವು ಮಾಡಬಹುದಾದದ್ದು ಬಹಳವಿದೆ. ಮನೆಗೆ ಬರುವ ಆರೈಕೆದಾರಳು ತರಬೇತಿ ಪಡೆದವಳೇ ಎಂದು ವಿಚಾರಿಸೋಣ. ಇಲ್ಲದಿದ್ದರೆ ಅದರ ವೆಚ್ಚವನ್ನು ನಾವೇ ಕೊಡೋಣ. ಆಕೆಗೆ ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನಿದ್ದೆ, ವಾರಕ್ಕೊಂದು ಬಿಡುವು, ನ್ಯಾಯವಾದ ಸಂಬಳ ದೊರೆಯಲಿ. ಆಕೆ ಉಣ್ಣುವಾಗ, ಮಲಗಿದಾಗ ಮನೆಯವರೊಬ್ಬರು ಹಾಸಿಗೆಯ ಬಳಿ ಕೂರಲಿ; ಎರಡನೆಯ ನಿರ್ಯಾಪಕ ನಾವೇ ಆಗೋಣ. ಮನೆಯಲ್ಲಿ ಜನವಿಲ್ಲದಿದ್ದರೆ ಬಸದಿಯ ಸಂಘದವರು ಸರದಿಯಂತೆ ಹೋಗಲಿ. ದಶಲಕ್ಷಣ ಪರ್ವದಲ್ಲಿ ಪೂಜೆ, ಪ್ರವಚನಗಳ ಜೊತೆಗೆ ಒಂದು ಮಧ್ಯಾಹ್ನವನ್ನು ಶುಶ್ರೂಷೆ ಬಲ್ಲ ದಾದಿಯೊಬ್ಬರಿಂದ ಕಲಿಯಲು ಮೀಸಲಿಟ್ಟರೆ ಸ್ವಾಧ್ಯಾಯ, ವೈಯಾವೃತ್ಯಗಳೆರಡೂ ಕೂಡಿಬಂದಾವು.

ನಮಗೆ ಸಮಾಧಿಮರಣ ಲಭಿಸಲಿ ಎಂದು ನಾವು ನಿತ್ಯವೂ ಪ್ರಾರ್ಥಿಸುತ್ತೇವೆ. ಪಕ್ಕದ ಕೋಣೆಯಲ್ಲಿ ಮಲಗಿರುವವರಿಗೂ ಅದು ಲಭಿಸುವಂತೆ ಇಂದು ರಾತ್ರಿ ಒಂದೆರಡು ಗಂಟೆ ಎಚ್ಚರವಿರುವುದು ಆ ಪ್ರಾರ್ಥನೆಯ ಉಳಿದರ್ಧ.