ಇನ್ನೆಷ್ಟು ಪ್ರಶಸ್ತಿ? ಬೋಪಣ್ಣ ಹೇಳಿಕೊಡುವ ಸಂಭವನೀಯತೆಯ ಪಾಠ

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್ ನಡೆಯಿತು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಆಗ 43 ವರ್ಷ 10 ತಿಂಗಳು. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಅವರು ಇಟಲಿಯ ಬೊಲೆಲ್ಲಿ–ವವಸ್ಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿದರು. ಪುರುಷರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ. ಅದಕ್ಕೂ ಮೊದಲು, 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಿದ್ದರು. ಮೆಲ್ಬರ್ನ್ ಗೆಲುವಿನ ಬೆನ್ನಲ್ಲೇ ಅವರು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಮೊದಲ ಬಾರಿ ಏರಿದವರು ಬೇರೆ ಯಾರೂ ಇರಲಿಲ್ಲ.

ಆಗ ಕ್ರೀಡಾಪ್ರಿಯರ ಮುಂದೆ ಒಂದು ಪ್ರಶ್ನೆ ಎದ್ದಿತು: ಇವರು ಇನ್ನೆಷ್ಟು ಗ್ರ್ಯಾನ್‌ಸ್ಲಾಮ್ ಗೆಲ್ಲಬಹುದು? "ನಂಬರ್ ಒನ್ ಆಗಿದ್ದಾರೆ, ಇನ್ನೆರಡಾದರೂ ಬರುತ್ತವೆ" ಎನ್ನುವುದು ಒಂದು ಉತ್ತರ. "ವಯಸ್ಸು 44 ಆಗುತ್ತಾ ಬಂತು, ಇನ್ನೇನಿದೆ?" ಎನ್ನುವುದು ಇನ್ನೊಂದು. ಎರಡೂ ಬಾಯಿಮಾತಿನ ಉತ್ತರಗಳೇ. ಇದನ್ನು ಲೆಕ್ಕ ಹಾಕಿ ಹೇಳುವುದು ಹೇಗೆ ಎಂದು ನೋಡೋಣ. ದ್ವಿತೀಯ ಪಿಯು ಗಣಿತದಲ್ಲಿ ಬರುವ ಸ್ವತಂತ್ರ ಘಟನೆಗಳ ಗುಣಾಕಾರ ನಿಯಮವೊಂದೇ ಇದಕ್ಕೆ ಸಾಕು. ಕಲಾ, ವಾಣಿಜ್ಯ ವಿಭಾಗದವರೂ ಧೈರ್ಯವಾಗಿ ಓದಬಹುದು.

ಮೊದಲ ಹೆಜ್ಜೆ: ಒಂದು ಟೂರ್ನಿಯ ಲೆಕ್ಕ

ಗ್ರ್ಯಾನ್‌ಸ್ಲಾಮ್ ಪುರುಷರ ಡಬಲ್ಸ್‌ನಲ್ಲಿ 64 ಜೋಡಿಗಳು ಆಡುತ್ತವೆ. ಪ್ರಶಸ್ತಿ ಗೆಲ್ಲಲು ಸತತ ಆರು ಪಂದ್ಯ ಗೆಲ್ಲಬೇಕು. ಒಂದು ಸೋತರೂ ಮನೆಗೆ. ಎಲ್ಲ ಜೋಡಿಗಳೂ ಸಮಬಲದವು ಎಂದುಕೊಂಡರೆ ಪ್ರತಿ ಜೋಡಿಗೂ 64ರಲ್ಲಿ ಒಂದು ಅವಕಾಶ. ಅಂದರೆ ಸುಮಾರು ಶೇ 1.6.

ಒಳ್ಳೆಯ ಜೋಡಿಯೊಂದು ನೂರು ಪಂದ್ಯಗಳಲ್ಲಿ 68 ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಸಂಖ್ಯೆ ಅಷ್ಟೆ. ಆರೂ ಪಂದ್ಯ ಗೆಲ್ಲುವ ಸಂಭವನೀಯತೆ ಬೇಕಾದರೆ 0.68 ಅನ್ನು ಆರು ಸಲ ಗುಣಿಸಬೇಕು. ಉತ್ತರ ಸುಮಾರು 0.10, ಅಂದರೆ ಶೇ 10. ಮೂರು ಪಂದ್ಯಗಳಲ್ಲಿ ಎರಡನ್ನು ಗೆಲ್ಲುವಷ್ಟು ಬಲವಾದ ಜೋಡಿಗೂ ಪ್ರಶಸ್ತಿ ಸಿಗುವುದು ಹತ್ತು ಟೂರ್ನಿಗಳಲ್ಲಿ ಒಮ್ಮೆ!

ಎರಡನೇ ಹೆಜ್ಜೆ: ಉಳಿದ ಟೂರ್ನಿಗಳು

ವರ್ಷಕ್ಕೆ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳು: ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್. ಬೋಪಣ್ಣ 2025ರ ನವೆಂಬರ್ 1ರಂದು ವಿದಾಯ ಘೋಷಿಸಿದರು. ಮೆಲ್ಬರ್ನ್ ಗೆಲುವಿನಿಂದ ಅಲ್ಲಿಯವರೆಗೆ ಏಳು ಗ್ರ್ಯಾನ್‌ಸ್ಲಾಮ್‌ಗಳು ನಡೆದವು. ಪ್ರತಿಯೊಂದರಲ್ಲೂ ಶೇ 10 ಅವಕಾಶ ಎಂದುಕೊಂಡರೆ ಸರಾಸರಿ ನಿರೀಕ್ಷೆ 7 × 0.10 = 0.7 ಪ್ರಶಸ್ತಿ. ಆದರೆ 0.7 ಕಪ್ ಎತ್ತಿ ಹಿಡಿದವರನ್ನು ಯಾರೂ ಕಂಡಿಲ್ಲ. ಆದ್ದರಿಂದ ಸರಾಸರಿಯನ್ನು ಬಿಡಿಸಿ ನೋಡಬೇಕು:

ಒಂದೂ ಸಿಗದಿರುವ ಸಾಧ್ಯತೆ: ಶೇ 48
ಒಂದೇ ಒಂದು ಸಿಗುವ ಸಾಧ್ಯತೆ: ಶೇ 37
ಎರಡು ಅಥವಾ ಹೆಚ್ಚು ಸಿಗುವ ಸಾಧ್ಯತೆ: ಶೇ 15

ಮೊದಲನೆಯದನ್ನು ನೀವೇ ಪರೀಕ್ಷಿಸಬಹುದು. ಒಂದು ಟೂರ್ನಿ ಸೋಲುವ ಸಂಭವನೀಯತೆ 0.9. ಅದನ್ನು ಏಳು ಸಲ ಗುಣಿಸಿದರೆ 0.478.

ನಿಜವಾಗಿ ನಡೆದದ್ದೇನು? 2024ರ ಫ್ರೆಂಚ್ ಓಪನ್‌ನಲ್ಲಿ ಬೋಪಣ್ಣ–ಎಬ್ಡೆನ್ ಸೆಮಿಫೈನಲ್ ತಲುಪಿದರು. ಪ್ರಶಸ್ತಿ ಮಾತ್ರ ಮತ್ತೆ ಬರಲಿಲ್ಲ. "ಎರಡಾದರೂ ಬರುತ್ತವೆ" ಎಂದವರು ಸೋತರು. ಹಾಗೆಂದು "ಇನ್ನೇನಿದೆ?" ಎಂದವರು ಗೆದ್ದರೇ? ಅದೂ ಅಲ್ಲ. ಒಂದಾದರೂ ಸಿಗುವ ಅವಕಾಶ ನಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು.

ಮೂರನೇ ಹೆಜ್ಜೆ: ವಯಸ್ಸು ಎಲ್ಲಿ ಹೊಡೆಯುತ್ತದೆ?

ವಯಸ್ಸಾದಂತೆ ಚಾಂಪಿಯನ್ ಆಟ ಒಮ್ಮೆಲೇ ಕೆಡುವುದಿಲ್ಲ. ಸರ್ವ್ ತುಸು ನಿಧಾನವಾಗುತ್ತದೆ, ದಣಿವು ಆರಲು ಒಂದು ದಿನ ಹೆಚ್ಚು ಬೇಕಾಗುತ್ತದೆ. ನಮ್ಮ ಜೋಡಿಯ ಗೆಲುವು ನೂರಕ್ಕೆ 68ರಿಂದ 60ಕ್ಕೆ ಇಳಿಯಿತು ಎನ್ನಿ. ನೋಡಲು ಸಣ್ಣ ಇಳಿಕೆ. ಆದರೆ 0.60 ಅನ್ನು ಆರು ಸಲ ಗುಣಿಸಿದರೆ ಶೇ 5ಕ್ಕೂ ಕಡಿಮೆ. ಪಂದ್ಯದ ಬಲ ಎಂಟು ಅಂಶ ಇಳಿದರೆ ಪ್ರಶಸ್ತಿಯ ಅವಕಾಶ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ.

ಸಿಂಗಲ್ಸ್‌ನಲ್ಲಿ 128 ಆಟಗಾರರು, ಏಳು ಸುತ್ತು. ಅಲ್ಲಿ ಈ ಪೆಟ್ಟು ಇನ್ನೂ ಜೋರು. ಪ್ರತಿ ಪಂದ್ಯದಲ್ಲಿ ಶೇ 90 ಅವಕಾಶವಿದ್ದವನಿಗೆ ಪ್ರಶಸ್ತಿಯ ಅವಕಾಶ ಸುಮಾರು ಶೇ 48. ಅದು ಶೇ 80ಕ್ಕೆ ಇಳಿದರೆ ಪ್ರಶಸ್ತಿಯ ಅವಕಾಶ ಶೇ 21. ಶೇ 70ಕ್ಕೆ ಇಳಿದರೆ ಬರೀ ಶೇ 8.

ನೊವಾಕ್ ಜೊಕೊವಿಚ್ ಅವರನ್ನು ನೋಡಿ. 2023ರಲ್ಲಿ, 36 ತುಂಬಿದ ವರ್ಷ, ನಾಲ್ಕರಲ್ಲಿ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದು ಒಟ್ಟು 24ಕ್ಕೆ ತಲುಪಿದರು. "ವರ್ಷಕ್ಕೆ ಮೂರಾದರೆ ಎರಡು ವರ್ಷಕ್ಕೆ ಆರು" ಎಂದು ತ್ರೈರಾಶಿ ಹಾಕಿದರೆ 30 ಆಗಬೇಕಿತ್ತು. ಆದರೆ 2024 ಮತ್ತು 2025ರ ಎಂಟು ಪ್ರಶಸ್ತಿಗಳನ್ನು ಯಾನಿಕ್ ಸಿನ್ನರ್ ಮತ್ತು ಕಾರ್ಲೋಸ್ ಅಲ್ಕರಾಜ್ ತಲಾ ನಾಲ್ಕರಂತೆ ಹಂಚಿಕೊಂಡರು. ಜೊಕೊವಿಚ್‌ಗೆ ಒಂದೂ ಇಲ್ಲ. ಅವರ ಆಟ ಮುಗಿದಿತ್ತೇ? ಇಲ್ಲ, 2025ರ ನಾಲ್ಕೂ ಟೂರ್ನಿಗಳಲ್ಲಿ ಸೆಮಿಫೈನಲ್ ತಲುಪಿದ್ದರು. ಐದು ಪಂದ್ಯ ಗೆಲ್ಲುವ ಶಕ್ತಿ ಇತ್ತು, ಕೊನೆಯ ಎರಡು ಕೈಗೆ ಸಿಗಲಿಲ್ಲ.

ಲೆಕ್ಕಕ್ಕೆ ಸಿಗದ ಸಂಗತಿಗಳು

ನಮ್ಮ ಲೆಕ್ಕ ಸರಳವಾದದ್ದು. ನಿಜವಾದ ಟೂರ್ನಿಯಲ್ಲಿ ಆರು ಪಂದ್ಯಗಳೂ ಒಂದೇ ರೀತಿ ಇರುವುದಿಲ್ಲ. ಸುತ್ತು ಏರಿದಂತೆ ಎದುರಾಳಿ ಬಲವಾಗುತ್ತಾನೆ. ಗಾಯವಿದೆ, ಜೊತೆಗಾರ ಬದಲಾಗುವುದಿದೆ. 2024ರ ಕೊನೆಯಲ್ಲಿ ಬೋಪಣ್ಣ–ಎಬ್ಡೆನ್ ಜೋಡಿ ಬೇರೆಯಾಯಿತು.

ಇದಕ್ಕೆ ವಿರುದ್ಧವಾದ ಅಚ್ಚರಿಯೂ ಉಂಟು. ಬೋಪಣ್ಣ 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಆಡಿ ಸೋತಿದ್ದರು. 2023ರ ಜನವರಿಯಲ್ಲಿ ಸಾನಿಯಾ ಮಿರ್ಜಾ ಅವರ ಕೊನೆಯ ಗ್ರ್ಯಾನ್‌ಸ್ಲಾಮ್‌ನಲ್ಲಿ ಅವರ ಜೊತೆಗಾರರಾಗಿ ಮಿಶ್ರ ಡಬಲ್ಸ್ ಫೈನಲ್ ಸೋತರು. ಅದೇ ವರ್ಷ ಯುಎಸ್ ಓಪನ್ ಫೈನಲ್ ಕೂಡ ಕೈತಪ್ಪಿತು. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು, ಅಯ್ಯಂಗಾರ್ ಯೋಗದಿಂದ ಕಾಲನ್ನು ಉಳಿಸಿಕೊಂಡಿದ್ದರು. ಹೀಗಿದ್ದೂ 2024 ಬಂತು. ರೋಜರ್ ಫೆಡರರ್ 2012ರ ವಿಂಬಲ್ಡನ್ ನಂತರ ನಾಲ್ಕು ವರ್ಷ ದಾಟಿದರೂ ಗ್ರ್ಯಾನ್‌ಸ್ಲಾಮ್ ಗೆಲ್ಲಲಿಲ್ಲ. ಆಮೇಲೆ 2017–18ರಲ್ಲಿ ಮೂರು ಗೆದ್ದರು. ಸಂಭವನೀಯತೆ ಕಡಿಮೆ ಎಂದರೆ ಸೊನ್ನೆ ಎಂದಲ್ಲ.

ಅಂದಾಜನ್ನು ಅಳೆಯುವುದು ಹೇಗೆ?

ಮಳೆ ಬರುವ ಸಾಧ್ಯತೆ ಶೇ 70 ಎಂದು ಹೇಳಿದ ದಿನ ಮಳೆ ಬಾರದಿದ್ದರೆ, ತೊಗರಿ ಬಿತ್ತಲು ಕಾದಿರುವ ನಮ್ಮ ಭಾಗದ ರೈತ ಬೈದುಕೊಳ್ಳುವುದು ಸಹಜ. ಆದರೆ ಒಂದು ದಿನ ನೋಡಿ ಆ ಮುನ್ಸೂಚನೆ ಸುಳ್ಳು ಎನ್ನಲಾಗದು. ಹಾಗೆ ಹೇಳಿದ ಹತ್ತು ದಿನಗಳಲ್ಲಿ ಸುಮಾರು ಏಳು ದಿನ ಮಳೆ ಬಂತೇ ಎಂದು ನೋಡಬೇಕು. ಬೋಪಣ್ಣ ಅವರ ಲೆಕ್ಕವೂ ಹಾಗೆಯೇ. ಗೈಬ್‌ನ ಜ್ಞಾನ ಅಲ್ಲಾಹನಿಗೆ ಮಾತ್ರ ಸೇರಿದ್ದು ಎಂದು ನಂಬುವವರಿಗೆ ಇದರಿಂದ ತೊಡಕಿಲ್ಲ. ಸಂಭವನೀಯತೆ ನಾಳೆಯನ್ನು ಬಲ್ಲೆ ಎನ್ನುವುದಿಲ್ಲ. ನಮಗೆ ಎಷ್ಟು ಗೊತ್ತಿಲ್ಲ ಎಂಬುದನ್ನು ಅಂಕಿಯಲ್ಲಿ ಒಪ್ಪಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮೊಬೈಲ್‌ನಲ್ಲಿ "ಯಾರು ಗೆಲ್ಲುತ್ತಾರೆ ಹೇಳಿ, ಹಣ ಗೆಲ್ಲಿ" ಎಂದು ಕರೆಯುವ ಆಟಗಳು ನಮ್ಮ ವಯಸ್ಸಿನವರನ್ನೇ ಹುಡುಕುತ್ತವೆ. ಜೂಜು ಹರಾಮ್ ಎಂಬುದು ನಮಗೆ ಗೊತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಗಣಿತವೂ ಅದನ್ನೇ ಹೇಳುತ್ತದೆ: ಎಲ್ಲರ ಹಣದಲ್ಲಿ ಆಡಿಸುವವನು ತನ್ನ ಪಾಲು ಮೊದಲೇ ತೆಗೆದಿಡುತ್ತಾನೆ. ಆದ್ದರಿಂದ ಆಡುವವರೆಲ್ಲ ಸೇರಿ ಕಳೆದುಕೊಳ್ಳುವುದು ಖಚಿತ.

ಕೊನೆಯದಾಗಿ, ಈ ಲೆಕ್ಕ ನಮ್ಮ ತರಗತಿಗೂ ಬೇಕು. ಒಂದು ಕಿರುಪರೀಕ್ಷೆಯ ಅಂಕ ನೋಡಿ "ಇವನು ಪಾಸಾಗಲ್ಲ", "ಇವಳಿಗೆ ರ‍್ಯಾಂಕ್ ಗ್ಯಾರಂಟಿ" ಎಂದು ಹೇಳಿಬಿಡುತ್ತೇವೆ. ಆರು ವಿಷಯಗಳ ಪರೀಕ್ಷೆಯೂ ಆರು ಸುತ್ತಿನ ಟೂರ್ನಿಯಂತೆಯೇ. ಪ್ರತಿ ವಿಷಯದಲ್ಲಿ ಸ್ವಲ್ಪ ಸ್ವಲ್ಪ ಬಲ ಹೆಚ್ಚಿಸಿಕೊಂಡರೆ ಆರನ್ನೂ ದಾಟುವ ಅವಕಾಶ ಬಹಳ ಹೆಚ್ಚುತ್ತದೆ. ಇಳಿಯುವಾಗ ಜೋರಾಗಿ ಹೊಡೆಯುವ ಗುಣಾಕಾರ ಏರುವಾಗಲೂ ಅಷ್ಟೇ ಜೋರಾಗಿ ಕೈಹಿಡಿಯುತ್ತದೆ.