ಕಸದ ಲೆಕ್ಕ, ಕೆಲಸದ ಲೆಕ್ಕ

ನಮ್ಮ ಸಂಘದಲ್ಲಿ ಕಾಮರ್ಸ್ ಓದುವ ಮಿತ್ರರು ಬಹಳ. ಅವರಿಗೆಲ್ಲ ಮೊದಲ ವರ್ಷದಲ್ಲೇ ಒಂದು ಪಾಠ ಬರುತ್ತದೆ: ವ್ಯವಹಾರ ಸಂಘಟನೆಯ ಬಗೆಗಳು. ಒಬ್ಬನೇ ನಡೆಸುವ ಅಂಗಡಿ, ಪಾಲುದಾರಿಕೆ, ಕೂಡು ಬಂಡವಾಳದ ಕಂಪನಿ. ಇನ್ನೇನು ಗಂಟೆ ಹೊಡೆಯಬೇಕು ಅನ್ನುವಾಗ ಸಹಕಾರ ಸಂಘ. ಗುಣ ಐದು, ದೋಷ ಐದು ಬರಕೊಂಡರೆ ಪರೀಕ್ಷೆಗೆ ಸಾಕು. ಪುಣೆಯಲ್ಲಿ ಇದೇ ಪಾಠ ಹೇಳುವ ನಾನು ಮಾತ್ರ ಕೊನೆಯದರಿಂದಲೇ ಶುರುಮಾಡುತ್ತೇನೆ. ಕಾರಣ, ಅದರ ಉದಾಹರಣೆ ದಿನಾ ಬೆಳಿಗ್ಗೆ ತಳ್ಳುಗಾಡಿ ತಳ್ಳಿಕೊಂಡು ಮನೆಬಾಗಿಲಿಗೇ ಬರುತ್ತದೆ.

ಕಸ ಒಯ್ಯಲು ಬರುವ ಆ ಹೆಂಗಸು ಯಾರ ನೌಕರಳು? ಈ ಪ್ರಶ್ನೆ ಕೇಳಿದರೆ ತರಗತಿಯಲ್ಲಿ ಸಾಧಾರಣವಾಗಿ ಎರಡು ಉತ್ತರ ಬರುತ್ತವೆ. ಕಾರ್ಪೊರೇಶನ್ನಿನವಳು, ಇಲ್ಲವೆ ಯಾವುದೋ ಕಂತ್ರಾಟುದಾರನವಳು. ಪುಣೆಯ ಬಹುಭಾಗದಲ್ಲಿ ಎರಡೂ ಅಲ್ಲ. ಆಕೆ 'ಸ್ವಚ್ಛ' ಎಂಬ ಸಹಕಾರ ಸಂಘದ ಸದಸ್ಯೆ, ಅಂದರೆ ಒಡತಿಯರಲ್ಲಿ ಒಬ್ಬಳು. ಅಂಥವರು ಮೂರು ಸಾವಿರಕ್ಕೂ ಮಿಕ್ಕಿ ಇದ್ದಾರೆ.

ಇದು ಹುಟ್ಟಿದ್ದು ಒಂದು ವಿಶ್ವವಿದ್ಯಾಲಯದ ಮೂಲೆಯಿಂದ. 1990ರ ಸುಮಾರಿಗೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಚಿಂದಿ ಆರಿಸುವ ಹೆಂಗಸರಿಗೆ ಅಕ್ಷರ ಕಲಿಸಲು ಹೊರಟರು. ಇವರಲ್ಲಿ ಬಹುಪಾಲು ದಲಿತರು. 1972ರ ಬರಗಾಲದಲ್ಲಿ ಮರಾಠವಾಡಾ ಬಿಟ್ಟು ಬಂದ ಮನೆಗಳವರು ಎಷ್ಟೋ ಜನ. ನಸುಕಿಗೆ ಚೀಲ ಹೆಗಲಿಗೇರಿಸಿ ಹೊರಟರೆ ಕಸದ ತೊಟ್ಟಿಗಳನ್ನೆಲ್ಲ ಕೆದಕಿ, ಬೇರೆ ಬೇರೆ ಮಾಡಿ, ಗುಜರಿಯವನಿಗೆ ತೂಕ ಹಾಕಿ ಕೊಡುವ ತನಕ ಪುರುಸೊತ್ತು ಎಲ್ಲಿಯದು? ಅ ಆ ಇ ಈ ಯಾರಿಗೆ ಬೇಕು? ಕಲಿಸಲು ಬಂದವರು ಅವರ ಜೊತೆ ನಡೆಯತೊಡಗಿದರು. ನಡೆದಾಗ ಕಂಡಿದ್ದು ಇಷ್ಟು: ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾದರೆ ಕಾಗದ ಒದ್ದೆಯಾಗುವುದಿಲ್ಲ, ದರ ಹೆಚ್ಚು ಸಿಗುತ್ತದೆ, ಕೈಗೆ ಗಾಜು ಚುಚ್ಚುವುದು ಕಡಿಮೆ, ದಿನಕ್ಕೆ ಒಂದಿಷ್ಟು ಹೊತ್ತೂ ಉಳಿಯುತ್ತದೆ. ಸಂಶೋಧನೆ ಅಂದರೆ ಇದೇ ಅಂತ ನನ್ನ ಮತ. ಪ್ರಶ್ನಾವಳಿ ತುಂಬಿಸಿಕೊಂಡು ಬರುವುದು ಆಮೇಲಿನ ಮಾತು.

ಕೋರೆಗಾಂವ್ ಪಾರ್ಕಿನ ಮನೆಗಳಿಂದ ಹೀಗೆ ಬೇರೆ ಮಾಡಿದ ಕಸ ತರುವ ಏರ್ಪಾಡಾಯಿತು. ಅಷ್ಟರಲ್ಲಿ ಒಬ್ಬ ಉದ್ಯಮಿ ಗಾಡಿ ಇಟ್ಟು ಅದೇ ಕಸ ಒಯ್ಯಲು ಮುಂದೆ ಬಂದ. ಕಸಕ್ಕೂ ಪೈಪೋಟಿ! ಹೆಂಗಸರು ರಸ್ತೆಗಿಳಿದರು. 1993ರಲ್ಲಿ ಹಮಾಲ ಪಂಚಾಯತಿಯ ಬಾಬಾ ಆಢಾವರ ಮುಂದಾಳುತನದಲ್ಲಿ ನೂರಾರು ಜನರ ಸಮಾವೇಶ ನಡೆದು 'ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ' ಎಂಬ ಕಾರ್ಮಿಕ ಸಂಘ ಕಟ್ಟಲಾಯಿತು. (ಪತ್ರಾ ಅಂದರೆ ಟಪಾಲಿನ ಪತ್ರ ಅಲ್ಲ, ತಗಡು. ಹುಬ್ಬಳ್ಳಿ ಕಡೆ ಪತ್ರಾಸು ಅಂತೀವಲ್ಲ, ಅದೇ.) ಅವರು ಕೇಳಿದ್ದು ದಾನವನ್ನಲ್ಲ, ಗುರುತಿನ ಚೀಟಿಯನ್ನು. ಚೀಲ ಹೊತ್ತವಳು ಕಳ್ಳಿ ಎಂದು ತಿಳಿಯುವ ಪೊಲೀಸನ ಎದುರು ತೋರಿಸಲು ಒಂದು ಕಾಗದ. ಆ ದಶಕದ ನಡುವೆ ಪುಣೆಯ ಕಾರ್ಪೊರೇಶನ್ ಆ ಚೀಟಿಗೆ ಮಾನ್ಯತೆ ಕೊಟ್ಟಿತು. ಕೊಡಿಸಿದ್ದು ಸಂಘದ ಲೆಕ್ಕ: ಇವರು ಆರಿಸಿದ ಒಂದೊಂದು ಟನ್ನೂ ಕಾರ್ಪೊರೇಶನ್ನಿನ ಲಾರಿ ಹೊರದೆ ಉಳಿದ ಟನ್ನು, ಅಷ್ಟು ಡೀಸೆಲ್ ಉಳಿತಾಯ.

ಹಾಗಾದರೆ ಕಾರ್ಮಿಕ ಸಂಘ ಇದ್ದ ಮೇಲೆ ಸಹಕಾರ ಸಂಘ ಯಾಕೆ? ಪಾಠದ ಗಂಟು ಇರುವುದು ಇಲ್ಲಿ. ಕೇಂದ್ರ ಸರ್ಕಾರದ 2000ದ ನಿಯಮಗಳು ಮನೆಮನೆಯಿಂದ ಕಸ ಎತ್ತಬೇಕೆಂದವು. ಕೆಲಸ ಬಂತು, ಜೊತೆಗೇ ಟೆಂಡರಿನ ಭಯವೂ ಬಂತು. ಕಾರ್ಮಿಕ ಸಂಘ ಜಗಳ ಆಡಬಲ್ಲದು, ಟೆಂಡರು ಹಿಡಿಯಲಾರದು. ಅದಕ್ಕೆಂದೇ 2008ರಲ್ಲಿ 'ಸ್ವಚ್ಛ' ಕಾರ್ಪೊರೇಶನ್ನಿನೊಡನೆ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಹಳೆಯ ಸಂಘವನ್ನು ಮುಚ್ಚಲಿಲ್ಲ, ಮುಚ್ಚದೆ ಇದ್ದದ್ದೇ ಜಾಣತನ. ಒಂದು ಕೈ ಕೆಲಸ ನಡೆಸುತ್ತದೆ, ಇನ್ನೊಂದು ಕೈ ಆ ಕೆಲಸದ ಕಾಯಿದೆ ಕಟ್ಟಳೆಗಾಗಿ ಹೊಡೆದಾಡುತ್ತದೆ. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯ.

ಮುಂಬಯಿಯ ಓದುಗರಿಗೆ ಲಿಜ್ಜತ್ ಹಪ್ಪಳ ಗೊತ್ತು, 1959ರಲ್ಲಿ ಗಿರಗಾಂವದಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರುಮಾಡಿದ್ದು. ಅಲ್ಲಿ ಸಂಘವೇ ಹಿಟ್ಟು ಕಲಸಿ ಕೊಡುತ್ತದೆ, ಸದಸ್ಯೆಯರು ಮನೆಗೆ ಒಯ್ದು ಲಟ್ಟಿಸುತ್ತಾರೆ. ಇಲ್ಲಿ ಕಚ್ಚಾಮಾಲು ನಮ್ಮ ನಿಮ್ಮ ಮನೆಯ ಕಸ. ಅದರ ಮೇಲೆ ಹಕ್ಕು ಯಾರದು ಎಂಬಲ್ಲಿಯೇ ಗುದ್ದಾಟ.

ದುಡ್ಡಿನ ಏರ್ಪಾಡು ಹೀಗೆ. ಕಾರ್ಪೊರೇಶನ್ ಪಗಾರ ಕೊಡುವುದಿಲ್ಲ; ಸಲಕರಣೆ, ಮೇಲುಸ್ತುವಾರಿಯ ಖರ್ಚು ಅದರದು. ಮನೆಯವರು ತಿಂಗಳಿಗಿಷ್ಟು ಎಂದು ನೇರ ಆಕೆಯ ಕೈಗೇ ಕೊಡಬೇಕು. ಒಣ ಕಸ ಮಾರಿದ ಹಣವೂ ಆಕೆಯದೇ. ಕೇಳಲು ಚೆನ್ನ. ಆದರೆ "ಮುಂದಿನ ತಿಂಗಳು ಕೊಡ್ತೀನಿ ಬಾಯಿ" ಎನ್ನುವ ಮನೆಯ ಮುಂದೆ ಒಡತಿಯೂ ನಿಂತು ಕಾಯಬೇಕು. ಒಪ್ಪಂದದ ಅವಧಿ ಮುಗಿದಾಗಲೆಲ್ಲ ಎಳೆದಾಟ ಬೇರೆ. ಇನ್ನು ಜಾತಿ. ಕಳೆದ ವರ್ಷ ಒಬ್ಬ ಹುಡುಗಿ ಎದ್ದು ಕೇಳಿದಳು: "ಕೆಲಸ ಸುಧಾರಿಸಿತು ಖರೆ ಸರ್, ಆದರ ಅವರೇ ಯಾಕ ಮಾಡಬೇಕು?" ಸಹಕಾರದ ಉಪವಿಧಿಗಳಲ್ಲಿ ಅದಕ್ಕೆ ಉತ್ತರ ಇಲ್ಲ. ಸಂಘ ತನ್ನದೇ ಪತ್ತಿನ ಸಹಕಾರ ಸಂಸ್ಥೆ ನಡೆಸಿ, ಸದಸ್ಯರ ಮಕ್ಕಳ ಓದಿಗೆ ನೆರವಾಗುತ್ತ ಬಂದಿರುವುದನ್ನು ಹೇಳಿದೆ. ಆಕೆ ಬರಕೊಂಡಳು, ಒಪ್ಪಿದಳು ಅಂತ ನಾನೇನೂ ಹೇಳಲಾರೆ.

ಈ ಸಲ ತರಗತಿಗೆ ಕೊಟ್ಟ ಮನೆಗೆಲಸ: ತಮ್ಮ ತಮ್ಮ ಹೌಸಿಂಗ್ ಸೊಸಾಯಟಿಯ ತಿಂಗಳ ಖರ್ಚಿನ ಪಟ್ಟಿ ತರುವುದು. ಬಂದ ಮೊದಲ ಪಟ್ಟಿಯಲ್ಲಿ ಲಿಫ್ಟಿನ ರಿಪೇರಿ ಇತ್ತು, ವಾಚ್‌ಮನ್ನನ ಪಗಾರ ಇತ್ತು, ಗಣಪತಿ ವರ್ಗಣಿಯೂ ಇತ್ತು. ಕಸದವಳ ಹಣ ಇರಲಿಲ್ಲ. ಅದನ್ನು ಆಯಾ ಮನೆಯವರು ಚಿಲ್ಲರೆ ಇದ್ದಾಗ ಕೊಡುತ್ತಾರಂತೆ. ಅದನ್ನು ಪಟ್ಟಿಗೆ ಸೇರಿಸಿ ಎಂದು ಸೊಸಾಯಟಿಯ ಮುಂದಿನ ಮೀಟಿಂಗಿನಲ್ಲಿ ಕೇಳಲು ಆ ಹುಡುಗ ತನ್ನ ತಂದೆಯನ್ನು ಒಪ್ಪಿಸುತ್ತಿದ್ದಾನೆ.