ನಿಮಗಿದು ಗೊತ್ತೆ?: ಶಿಲುಬೆಯ ಹಿಂದೆ ಒಂದು ಇರುಳು
ಏಡ್ರಿಯಾಟಿಕ್ ಸಮುದ್ರದಲ್ಲಿರುವ ಕ್ರೊಯೇಷಿಯಾದ ಹ್ವಾರ್ ದ್ವೀಪದ ವರ್ಬಾನ್ ಎಂಬ ಪುಟ್ಟ ಹಳ್ಳಿಯು, ವೆನಿಸ್ ಆಳ್ವಿಕೆಯ ಕಾಲದಲ್ಲಿ ಕುಲೀನ ವರ್ಗದ ವಿರುದ್ಧ 1510ರಿಂದ 1514ರವರೆಗೆ ನಡೆದ ಜನಸಾಮಾನ್ಯರ ಬಂಡಾಯದ ನಾಯಕ ಮಾತಿಯಾ ಇವಾನಿಚ್‌ನ ಹುಟ್ಟೂರು. ಯೇಸು ಶಿಲುಬೆಗೇರಿದ ದಿನವೆಂದು ಆಚರಿಸುವ ಶುಭ ಶುಕ್ರವಾರದ ಹಿಂದಿನ ರಾತ್ರಿ, ಈ ಊರೂ ಸೇರಿದಂತೆ ಆರು ಗ್ರಾಮಗಳಿಂದ ‘ಜಾ ಕ್ರಿಜೆನ್’, ಅಂದರೆ ‘ಶಿಲುಬೆಯ ಹಿಂದೆ’ ಎಂಬ ಮೆರವಣಿಗೆಗಳು ಹೊರಡುತ್ತವೆ. 500 ವರ್ಷಗಳಿಗೂ ಹಳೆಯದಾದ ಈ ಆಚರಣೆಯಲ್ಲಿ ಶಿಲುಬೆ ಹೊತ್ತವನು ಬರಿಗಾಲಿನಲ್ಲೋ ಕಾಲುಚೀಲದಲ್ಲೋ, ಎಲ್ಲಿಯೂ ವಿಶ್ರಮಿಸದೆ, ಎಂಟು ಗಂಟೆಗಳಲ್ಲಿ 25 ಕಿಲೋಮೀಟರ್ ಸುತ್ತಿ ತನ್ನೂರಿಗೆ ಮರಳುತ್ತಾನೆ. ಮೇರಿಮಾತೆಯ ಶೋಕಗೀತೆಯನ್ನು ದಾರಿಯುದ್ದಕ್ಕೂ ಅಲ್ಲಲ್ಲಿ ಹಾಡುವ ಐವರು ಗಾಯಕರೇ ಇದರ ಜೀವಾಳವೆನ್ನಬೇಕು. ವಸ್ತುರೂಪದಲ್ಲಿಲ್ಲದ ಆಚರಣೆಗಳಿಗೆ ಮೀಸಲಾದ ಅಮೂರ್ತ ಪರಂಪರೆಯ ಪಟ್ಟಿಗೆ ಯುನೆಸ್ಕೊ ಇದನ್ನು 2009ರಲ್ಲಿ ಸೇರಿಸಿತು.